ಇಕ್ಕದ ಎಡೆ

"ಕೊಬ್ಬರಿನ ಬಿಸಿಲಿಗೆ ಹಾಕಿ ಒಣಗಿಸೋದನ್ನ ಗುಬ್ಬಿ ಸೀಮೇಲಿ ಎಲ್ಲಿ ನೋಡಿದ್ರಿ, ಗುರುಪ್ರಕಾಶ್?"

ದಾಕ್ಷಾಯಣಿ ಇಷ್ಟು ಕೇಳಿ ಎದುರಿಗಿದ್ದ ಕಾಫಿ ಲೋಟ ಕೈಗೆತ್ತಿಕೊಂಡಳು. ಉತ್ತರಕ್ಕೇನೂ ಅವಸರವಿಲ್ಲ ಎನ್ನುವಂತೆ ಊದಿ ಊದಿ ಕುಡಿಯತೊಡಗಿದಳು.

ಭಾನುವಾರ ಬೆಳಿಗ್ಗೆ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಬೇಕರಿಯೊಂದರ ಮೇಲಿನ ಮಹಡಿ. ದೊಡ್ಡ ದೊಡ್ಡ ಕಾಲೇಜುಗಳಿಗೆ ಅರ್ಜಿ ಹಾಕುವ ಮಕ್ಕಳಿಗೆ ದಾರಿ ತೋರಿಸುತ್ತೇನೆಂದು ಗುರುಪ್ರಕಾಶ್ ಬೋರ್ಡು ಹಾಕಿಕೊಂಡಿದ್ದ ಜಾಗ. ಗೋಡೆ ತುಂಬ ಸೀಟು ಗಿಟ್ಟಿಸಿದ ಮಕ್ಕಳ ಫೋಟೋಗಳು.

ಕಳೆದ ವಾರ ದಾಕ್ಷಾಯಣಿ ಬಂದಾಗ ಬಾಗಿಲಿಗೆ ಎದುರಾಗಿ ಇಂಪನಾಳ ಫೋಟೋ ಇತ್ತು. 'ಹಾಗಲವಾಡಿಯ ಹೆಮ್ಮೆ' ಎಂದು ಅದರ ಕೆಳಗೆ ಬರೆದಿತ್ತು. ಈಗ ಅದು ಬೀರುವಿನ ಪಕ್ಕ, ನೆಲದ ಮೇಲೆ, ಗೋಡೆಗೆ ಮುಖ ಮಾಡಿಕೊಂಡು ನಿಂತಿತ್ತು. ಹೆಮ್ಮೆಗೆ ಇಷ್ಟೇ ಆಯಸ್ಸು! ಮೊಳೆ ಮಾತ್ರ ಗೋಡೆಯ ಮೇಲೆ ಹಾಗೇ ಉಳಿದಿತ್ತು.

"ಇದೇನ್ ಮೇಡಂ, ಬೆಳಿಗ್ಗೆ ಬೆಳಿಗ್ಗೆ ಕೊಬ್ಬರಿ ವಿಷಯ? ಮಂಡಿ ಇಡೋ ಯೋಚನೆ ಏನಾದ್ರೂ ಇದೆಯಾ?" ಗುರುಪ್ರಕಾಶ್ ನಕ್ಕ.

"ಮಂಡಿ ನಂಗ್ಯಾಕೆ? ಇಂಪನಾ ಹೆಸರಲ್ಲಿ ನೀವು ಕಳಿಸಿದ್ರಲ್ಲ, ಆ ಪ್ರಬಂಧದ ವಿಷಯ ಕೇಳ್ತಾ ಇದೀನಿ."

ನಗು ಅಲ್ಲೇ ನಿಂತಿತು.

ಹುಡುಗಿ ತನ್ನ ಬದುಕಿನ ಕಷ್ಟದ ಬಗ್ಗೆ ಬರೆದ ಪ್ರಬಂಧ ಓದಿ ಸಪ್ತಪರ್ಣಿ ವಿಶ್ವವಿದ್ಯಾಲಯದವರು ಕರೆದು ಸೀಟು ಕೊಟ್ಟಿದ್ದರು. ಓದು, ಊಟ, ವಸತಿ ಎಲ್ಲ ಅವರದೇ. ಕ್ಲಾಸು ಶುರುವಾಗಿ ತಿಂಗಳಾಗುವಷ್ಟರಲ್ಲಿ ಯಾವನೋ ಫೋನ್ ಮಾಡಿ, "ಆ ಹುಡುಗಿ ಅಪ್ಪ ಸತ್ತಿಲ್ಲ. ಅವಳು ಬರ್ದಿರೋದೆಲ್ಲ ಸುಳ್ಳು" ಎಂದು ಹೇಳಿ ಇಟ್ಟುಬಿಟ್ಟ. ಅವರು ಇಂಪನಾಳನ್ನು ಊರಿಗೆ ಕಳಿಸಿ, ನಿಜ ಏನೆಂದು ಪತ್ತೆ ಮಾಡಲು ದಾಕ್ಷಾಯಣಿಗೆ ಹೇಳಿದ್ದರು.

ನಾಳೆ ಸೋಮವಾರ ಸಮಿತಿ ಕೂರುತ್ತದೆ. ಸುಳ್ಳೆಂದು ತೀರ್ಮಾನವಾದರೆ ಸೀಟು ಹೋಗುವುದಷ್ಟೇ ಅಲ್ಲ, ಮೋಸ ಮಾಡಿದ ಹುಡುಗಿ ಎಂದು ಬೇರೆ ವಿಶ್ವವಿದ್ಯಾಲಯಗಳಿಗೂ ತಿಳಿಸುತ್ತಾರೆ. ಈಗಷ್ಟೇ ಹದಿನೆಂಟು ತುಂಬಿದ ಹುಡುಗಿ. ಆ ಹೆಸರು ಹೊತ್ತುಕೊಂಡು ಎಲ್ಲಿಗೆ ಹೋಗಬೇಕು?

ದಾಕ್ಷಾಯಣಿ ಗುಬ್ಬಿ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದು, ಸ್ವಯಂ ನಿವೃತ್ತಿ ತಗೊಂಡು, ಶೆಟ್ಟಿಹಳ್ಳಿಯ ತನ್ನ ಮನೆಯ ಮುಂದಿನ ರೂಮಿನಲ್ಲಿ ವಿಚಾರಣೆಯ ಕೆಲಸ ಶುರು ಮಾಡಿದ್ದವಳು. ಹೆಚ್ಚಿಗೆ ಬರುತ್ತಿದ್ದದ್ದು ಮದುವೆ ಸಂಬಂಧದ ವಿಚಾರಣೆಗಳೇ. ಹುಡುಗ ಕುಡೀತಾನಾ, ಹುಡುಗಿ ನಿಜವಾಗ್ಲೂ ಡಿಗ್ರಿ ಮುಗಿಸಿದಾಳಾ, ಇಂಥವು. ಆದರೆ ಈ ಕೇಸು ಕೈಗೆ ಬಂದಂದಿನಿಂದ ಅವಳಿಗೆ ಅನ್ನ ಮೈಗೆ ಹತ್ತುತ್ತಿರಲಿಲ್ಲ.

"ಅಪ್ಪ ಸತ್ತ ಮೇಲೆ ಬೆಳಗಿನ ಜಾವ ಎದ್ದು ಕಾಯಿ ಒಡೆದು ಅಂಗಳದಲ್ಲಿ ಹರವ್ತಿದ್ಲಂತೆ. ಮೋಡ ಆದ್ರೆ ಪರೀಕ್ಷೆ ಮಧ್ಯದಲ್ಲೇ ಎದ್ದು ಸ್ಕೂಲಿಂದ ಓಡಿ ಬಂದು ಮಳೇಲಿ ನೆಂದ್ಕೊಂಡು ಕೊಬ್ಬರಿ ಬಾಚ್ಕೋತಿದ್ಲಂತೆ. ಓದಿ ನಂಗೂ ಕಣ್ಣಲ್ಲಿ ನೀರು ಬಂತು, ಸುಳ್ಳ್ಯಾಕೆ ಹೇಳ್ಲಿ" ಎಂದಳು ದಾಕ್ಷಾಯಣಿ. "ಆಮೇಲೆ ನಮ್ಮಮ್ಮನ ಮನೆ ಅಟ್ಟ ನೆನಪಾಯ್ತು. ನಮ್ಮ ಕಡೆ ಕಾಯಿನ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕ್ತಾರೆ. ಹತ್ತು ಹನ್ನೊಂದು ತಿಂಗಳು ಅಲ್ಲೇ ಬಿದ್ದಿರ್ತವೆ. ಒಳಗಿನ ನೀರು ತಾನೇ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಲೊಡಲೊಡ ಅಂದಾಗ ಸುಲಿಯೋದು. ಒಡೆದು ಬಿಸಿಲಿಗೆ ಹರವೋದು ಕರಾವಳಿಯೋರು. ಗುಬ್ಬಿ ಹುಡುಗಿ ಹಿಂಗೆ ಬರೆಯೋಕೆ ಸಾಧ್ಯವೇ ಇಲ್ಲ."

ಗುರುಪ್ರಕಾಶ್ ಬಾಗಿಲ ಕಡೆ ನೋಡಿದ. ಹೊರಗಿನ ಹಾಲಿನಲ್ಲಿ ಮಕ್ಕಳು ಏನೋ ಓದಿಕೊಳ್ಳುತ್ತಿದ್ದರು. ಎದ್ದು ಹೋಗಿ ಬಾಗಿಲು ಹಾಕಿ ಬಂದ.

"ಇನ್ನೊಂದಿದೆ. ಅವಳು ಆರನೇ ಕ್ಲಾಸಿಂದ ಪಿಯುಸಿವರೆಗೂ ವಸತಿ ಶಾಲೇಲಿದ್ದೋಳು. ಊರಿಂದ ಅಷ್ಟು ದೂರ. ಮೋಡ ಕಂಡ್ರೆ ಎಲ್ಲಿಗ್ರೀ ಓಡಿ ಬರ್ತಾಳೆ?"

"ಮೇಡಂ, ನಂಗೊತ್ತಿಲ್ವಾ?" ಅವನು ಕುರ್ಚಿಯಲ್ಲಿ ಕುಸಿದು ಕೂತ. "ನಮ್ಮಜ್ಜಿ ಊರೂ ಗುಬ್ಬಿ ತಾಲ್ಲೂಕೇ. ಅಟ್ಟ ಹತ್ತಿ ಆಡ್ದೋನು ನಾನು. ಆದ್ರೆ ನೀವೇ ಹೇಳಿ. ಅಟ್ಟದ ಮೇಲೆ ಕಾಯಿ ಹತ್ತು ತಿಂಗಳು ಸುಮ್ನೆ ಬಿದ್ದಿರುತ್ತೆ ಅಂತ ಬರೆದ್ರೆ ಯಾರು ಅಳ್ತಾರೆ?"

ದಾಕ್ಷಾಯಣಿ ಪೊಲೀಸ್ ಕೆಲಸದಲ್ಲಿ ಎಂತೆಂಥ ಕಳ್ಳರನ್ನು ನೋಡಿದ್ದಳು. ಕಣ್ಣೀರಿಗಾಗಿ ಕೊಬ್ಬರಿಯನ್ನು ಅಟ್ಟದಿಂದ ಅಂಗಳಕ್ಕೆ ಇಳಿಸಿದವನನ್ನು ನೋಡಿದ್ದು ಇದೇ ಮೊದಲು.

"ಆ ಕಡೆ ಕೂತು ಓದೋರಿಗೆ ಹಳ್ಳಿ ಅಂದ್ರೆ ಒಂದು ಚಿತ್ರ ಬೇಕು ಮೇಡಂ. ಮಳೆ, ಓಡೋ ಹುಡುಗಿ, ಒದ್ದೆ ಲಂಗ. ಅವಳು ಬರ್ಕೊಂಡು ಬಂದಿದ್ದು ಏನು ಗೊತ್ತಾ? 'ನನಗೆ ಅಂಥ ಕಷ್ಟ ಏನೂ ಇಲ್ಲ, ಅಜ್ಜಿ ಚೆನ್ನಾಗಿ ಸಾಕಿದ್ದಾರೆ' ಅಂತ! ಹಂಗೆ ಬರೆದ್ರೆ ಯಾರಾದ್ರೂ ಸೀಟು ಕೊಡ್ತಾರಾ?"

"ಇನ್ನೇನು ಬರ್ದಿದ್ಲು?"

"ಲಾರಿ ಕತೆ. ಅವರಪ್ಪ ಅನಂತರಾಜು ಲಾರಿ ಡ್ರೈವರ್ ಆಗಿದ್ನಲ್ಲ. ಒಂದ್ಸಲ ಇವಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಕುಣಿಗಲ್‌ಗೆ ಹೋಗಿದ್ನಂತೆ. ಒಂದು ಕೈಲಿ ಸ್ಟಿಯರಿಂಗು, ಇನ್ನೊಂದು ಕೈಲಿ ಮಗಳು ಬೀಳದಂಗೆ ಹಿಡ್ಕೊಂಡಿದ್ನಂತೆ. ಅಪ್ಪನ ಮುಖ ಕೊನೇಲಿ ನೋಡಿಲ್ಲ, ಅದಕ್ಕೇ ಇವತ್ತೂ ಲಾರಿ ಹಾರನ್ ಕೇಳಿದ್ರೆ ಬಾಗಿಲಿಗೆ ಹೋಗಿ ನಿಲ್ತೀನಿ ಅಂತ ಬರ್ದಿದ್ಲು. ಚೆನ್ನಾಗಿತ್ತು. ಆದ್ರೆ ಕಷ್ಟ ಕಾಣ್ಬೇಕಲ್ಲ?"

"ಅದು ಕಷ್ಟ ಅಲ್ವೇನ್ರೀ?" ದಾಕ್ಷಾಯಣಿಯ ಧ್ವನಿ ಏರಿತು. "ಅಪ್ಪ ಬರ್ತಾನೇನೋ ಅಂತ ಬಾಗಿಲಿಗೆ ಹೋಗೋದು ಕಷ್ಟ ಅಲ್ವಾ ನಿಮಗೆ?"

ಅವನು ತಲೆ ತಗ್ಗಿಸಿದ. ಹಾಗಲವಾಡೀಲಿ ಇಂಟರ್ನೆಟ್ ಸರಿಯಾಗಿ ಸಿಗಲ್ಲ, ನಾನೇ ಕಳಿಸ್ತೀನಿ ಬಿಡು ಎಂದು ಹುಡುಗಿಯ ಪಾಸ್‌ವರ್ಡ್ ಇಸಕೊಂಡು, ತಾನು ತಿದ್ದಿದ್ದನ್ನು ಅವಳಿಗೆ ತೋರಿಸದೆಯೇ ಕಳಿಸಿದ್ದ. ಅದನ್ನು ಒಪ್ಪಿಕೊಳ್ಳಲು ಇನ್ನೊಂದು ಲೋಟ ಕಾಫಿ ಖರ್ಚಾಯಿತು, ಅಷ್ಟೆ.

"ಈಗ ಹೇಳಿ. ಆ ಫೋನ್ ಮಾಡಿಸಿದ್ದು ನೀವೇನಾ?"

"ಅಯ್ಯೋ ಶಿವನೇ! ನಾನ್ಯಾಕೆ ಮಾಡಿಸ್ಲಿ?"

"ಇಂಪನಾ ಸೀಟು ಹೋದ್ರೆ ವೇಟಿಂಗ್ ಲಿಸ್ಟಲ್ಲಿ ಅದಕ್ಕೆ ಕಾಯ್ತಾ ಇರೋಳು ಭೂಮಿಕಾ. ಸಾಹುಕಾರ್ ಚನ್ನವೀರಯ್ಯನೋರ ಮಗಳು. ಇಂಪನಾಗೆ ನೀವು ಪುಕ್ಕಟೆ ಹೇಳ್ಕೊಟ್ರಿ, ಪೇಪರಲ್ಲಿ ಫೋಟೋ ಬಂತು. ಭೂಮಿಕಾಗೆ ಪುಕ್ಕಟೆ ಹೇಳ್ಕೊಟ್ಟಿಲ್ಲ. ಸೀಟು ಕೊಡಿಸ್ಲಿಲ್ಲ ಅಂತ ಚನ್ನವೀರಯ್ಯನೋರು ಇಲ್ಲಿಗೇ ಬಂದು ಕೂಗಾಡಿ ಹೋಗಿದಾರೆ."

"ಮೇಡಂ, ಸ್ವಲ್ಪ ಯೋಚ್ನೆ ಮಾಡಿ. ಆ ಪ್ರಬಂಧ ಸುಳ್ಳು ಅಂತ ಬಯಲಾದ್ರೆ ಮೊದಲು ಸಿಕ್ಕಾಕ್ಕೊಳ್ಳೋನು ನಾನು. ನನ್ನ ಮನೆಗೆ ನಾನೇ ಬೆಂಕಿ ಹಚ್ಕೋತೀನಾ? ಚನ್ನವೀರಯ್ಯನೋರಿಗೂ ಅದೇ ಭಯ. ಇಂಪನಾದು ಕೆದಕಿದ್ರೆ ಭೂಮಿಕಾದೂ ಕೆದಕ್ತಾರೆ ಅಂತ ಅವರಿಗೂ ಗೊತ್ತು."

ಮಾತಿನಲ್ಲಿ ತೂಕವಿತ್ತು. ಇವನೇ ತಿದ್ದಿದ್ದ ಭೂಮಿಕಾಳ ಪ್ರಬಂಧದ ವಿಷಯ ದಾಕ್ಷಾಯಣಿಗೆ ತಿಳಿದಿತ್ತು. ಮಠದ ದಾಸೋಹದ ಊಟ ಉಂಡು ಬೆಳೆದ ಹುಡುಗಿ ಎಂದು ಅದರಲ್ಲಿತ್ತು. ಉಂಡದ್ದು ನಿಜವೇ. ವರ್ಷಕ್ಕೊಂದು ಸಲ, ಅವರಪ್ಪ ದಾಸೋಹಕ್ಕೆ ಲೋಡುಗಟ್ಟಲೆ ಅಕ್ಕಿ ಇಳಿಸಿ, ಸ್ವಾಮಿಗಳಿಂದ ಹಾರ ಹಾಕಿಸಿಕೊಂಡ ದಿನ, ಮೊದಲನೇ ಪಂಕ್ತಿಯಲ್ಲಿ.

"ಸರಿ. ಹಾಗಾದ್ರೆ ನಾಳೆ ಸಮಿತಿ ಮುಂದೆ ಬಂದು, ಕೊಬ್ಬರಿ, ಮಳೆ, ಓಟ ಎಲ್ಲ ನಾನೇ ಸೇರಿಸಿದ್ದು ಅಂತ ಹೇಳ್ಬೇಕು."

"ನಾನಾ? ನನ್ನ ಹೊಟ್ಟೆ ಪಾಡು ಏನಾಗ್ಬೇಕು ಮೇಡಂ?"

"ನೀವು ಬರದಿದ್ರೆ ಭೂಮಿಕಾಳ ದಾಸೋಹದ ಊಟದ ಕತೇನೂ ನಾನೇ ಹೇಳ್ತೀನಿ. ಚನ್ನವೀರಯ್ಯನೋರು ಆಮೇಲೆ ನಿಮ್ಮ ಹತ್ರ ಹೆಂಗೆ ಮಾತಾಡ್ತಾರೋ, ಅದು ನಿಮ್ಮಿಬ್ಬರಿಗೆ ಬಿಟ್ಟಿದ್ದು."

ಗುರುಪ್ರಕಾಶ್ ಮುಚ್ಚಿದ ಬಾಗಿಲನ್ನೊಮ್ಮೆ ನೋಡಿದ. ಕೊನೆಗೆ, "ಬರ್ತೀನಿ" ಎಂದ. ದಾಕ್ಷಾಯಣಿ ಬ್ಯಾಗು ತಗೊಂಡು ಎದ್ದಳು. ಬಾಗಿಲವರೆಗೂ ಬಂದಮೇಲೆ ಅವನು ಹಿಂದಿನಿಂದ ಕರೆದ.

"ಮೇಡಂ, ಒಂದು ಮಾತು. ಮಿಕ್ಕಿದ್ದೆಲ್ಲ ನಂದು, ಒಪ್ಕೋತೀನಿ. ಆದ್ರೆ ಅವರಪ್ಪ ಸತ್ತಿದ್ದು ನಾನು ಸೇರಿಸಿದ್ದಲ್ಲ. ಅದು ಅವಳದೇ ಮಾತು. ಅದೊಂದನ್ನ ನಾನು ಮುಟ್ಟಿಲ್ಲ."

ದಾಕ್ಷಾಯಣಿ ನೆಲದ ಮೇಲಿದ್ದ ಇಂಪನಾಳ ಫೋಟೋ ಎತ್ತಿ ಮೊಳೆಗೆ ನೇತುಹಾಕಿ, ಮೆಟ್ಟಿಲಿಳಿದು ಹೋದಳು.

*

ಸ್ಕೂಟರು ಗುಬ್ಬಿ ದಾರಿ ಹಿಡಿಯಿತು.

ಕೊಬ್ಬರಿ ಗಂಟು ಬಿಚ್ಚಿತು, ಸರಿ. ಆದರೆ ಫೋನ್ ಮಾಡಿದವನು ಕೊಬ್ಬರಿ ಬಗ್ಗೆ ಚಕಾರ ಎತ್ತಿರಲಿಲ್ಲ. ಅಪ್ಪ ಸತ್ತಿಲ್ಲ ಎಂದಿದ್ದ. ಅದು ನಿಜವಾದರೆ ಗುರುಪ್ರಕಾಶನ ತಪ್ಪೊಪ್ಪಿಗೆಯಿಂದ ಹುಡುಗಿಗೆ ಮೂರು ಕಾಸಿನ ಉಪಯೋಗವಿಲ್ಲ.

ಆ ಫೋನ್ ಬಂದದ್ದು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಿಂದ. ದಾಕ್ಷಾಯಣಿ ಮೊನ್ನೆ ಅಲ್ಲಿಗೆ ಹೋಗಿ ಆ ನಂಬರಿನ ಮಾಲೀಕನನ್ನು ಹುಡುಕಿದ್ದಳು. ಅಡವಿಯಪ್ಪ ಎಂದು, ಬಸ್ ನಿಲ್ಲುವ ಕಡೆ ಮುದ್ದೆ ಊಟದ ಹೋಟೆಲ್ ಇಟ್ಟವನು. "ನಾನ್ಯಾಕ್ ಮಾಡ್ಲಿ ತಾಯಿ? ಊಟಕ್ಕೆ ಬಂದ ಗಿರಾಕಿ ಒಂದ್ ನಿಮಿಷ ಫೋನ್ ಕೊಡಿ ಅಂದ, ಕೊಟ್ಟೆ" ಎಂದಿದ್ದ. ತಲೆಗೆ ಟವೆಲ್ ಸುತ್ತಿ ಮೈತುಂಬ ಹೊದ್ದಿದ್ದ ಗಡ್ಡದವನು. ಮಾತು ಗುಬ್ಬಿ ಕಡೆಯದು. ಅಡವಿಯಪ್ಪ ಇನ್ನೊಂದು ವಿಷಯ ಹೇಳಿದ್ದ, ಅದೇ ದಾಕ್ಷಾಯಣಿಯ ತಲೆ ಕೊರೆಯುತ್ತಿದ್ದದ್ದು. ಫೋನ್ ವಾಪಸ್ ಕೊಟ್ಟವನು ಹೋಟೆಲಿನ ಹಿಂದೆ ಹೋಗಿ ಗೋಡೆಗೆ ಒರಗಿ ಅತ್ತನಂತೆ.

ಚಾಡಿ ಹೇಳಿದವನು ಅಳುವುದುಂಟೇ? ಕಾನ್‌ಸ್ಟೇಬಲ್ ಆಗಿದ್ದಾಗ ಎಷ್ಟು ಚಾಡಿಕೋರರನ್ನು ನೋಡಿಲ್ಲ ಅವಳು! ಹೇಳಿ ಮುಗಿಸಿ ಮೀಸೆ ತಿರುವಿಕೊಂಡು ಹೋಗುತ್ತಿದ್ದರು. ಅವನು ಮತ್ತೆ ಬಂದರೆ ತಕ್ಷಣ ಫೋನ್ ಮಾಡು ಎಂದು ಅಡವಿಯಪ್ಪನಿಗೆ ನಂಬರು ಕೊಟ್ಟು ಬಂದಿದ್ದಳು.

ಅನಂತರಾಜು ಸತ್ತದ್ದಕ್ಕೆ ಸರ್ಟಿಫಿಕೇಟ್ ಇರಲಿಲ್ಲ. ಸೊಲ್ಲಾಪುರದ ಆಚೆ ಎಲ್ಲೋ ಲಾರಿ ಆಕ್ಸಿಡೆಂಟ್ ಆಯಿತು, ಅಲ್ಲೇ ಮಣ್ಣು ಮಾಡಿದರು ಎಂದು ಅವನ ತಾಯಿ ದೊಡ್ಡಗಂಗಮ್ಮ ಹೇಳಿದ್ದೇ ಸಾಕ್ಷಿ. ಹೆತ್ತ ತಾಯಿಯೇ 'ನನ್ ಮಗ ಹೋದ' ಎಂದು ಎದೆ ಬಡಿದುಕೊಂಡು ಅತ್ತರೆ, ಕಾಗದ ಎಲ್ಲಿ ತೋರಿಸವ್ವ ಎಂದು ಕೇಳುವ ಎದೆಗಾರಿಕೆ ಯಾವ ಊರಿನಲ್ಲಿ ಯಾರಿಗಿದೆ? ಹಾಗಲವಾಡಿಯವರೂ ಕೇಳಿರಲಿಲ್ಲ.

ಗುಬ್ಬಿ ಸಂತೆಬೀದಿಯಲ್ಲಿ ಸ್ಕೂಟರು ಮುಂದಕ್ಕೆ ಹೋಗದಷ್ಟು ಜನ. ಬಾಳೆಲೆ ಕಟ್ಟು, ಬೂದುಗುಂಬಳ, ವೀಳ್ಯದೆಲೆ ಎತ್ತಿಕೊಂಡು ಓಡಾಡುತ್ತಿದ್ದರು. ಬಟ್ಟೆ ಅಂಗಡಿಯ ಮುಂದೆ ಒಬ್ಬ ಮುದುಕ ಪಂಚೆ ಬಿಡಿಸಿ ಅಂಚು ನೋಡುತ್ತಿದ್ದ. "ನಮ್ಮಣ್ಣನಿಗೆ. ಬದುಕಿದ್ದಾಗ ಕೆಂಪಂಚೇ ಬೇಕು ಅಂತಿದ್ದ" ಎಂದು ಅಂಗಡಿಯವನಿಗೆ ಹೇಳುತ್ತಿದ್ದ.

ಆಗ ಅವಳಿಗೆ ಹೊಳೆಯಿತು. ಇವತ್ತು ಮಹಾಲಯ ಅಮಾವಾಸ್ಯೆ. ಸತ್ತ ಹಿರಿಯರಿಗೆ ಹೊಸ ಬಟ್ಟೆ ಇಟ್ಟು ಎಡೆ ಇಕ್ಕುವ ಪಕ್ಷದ ದಿನ. ದಾಕ್ಷಾಯಣಿಯ ಮನೆಯಲ್ಲಿ ಆ ಪದ್ಧತಿ ಇರಲಿಲ್ಲ. ಲಿಂಗೈಕ್ಯರಾದವರಿಗೆ ಗದ್ದುಗೆಯ ಮೇಲೆ ಹೂ ಏರಿಸಿ ಕೈಮುಗಿದರೆ ಮುಗಿಯಿತು. ಅದಕ್ಕೇ ಮರೆತಿದ್ದಳು. ಹಬ್ಬದ ದಿನ ಮನೆಬಾಗಿಲಿಗೆ ವಿಚಾರಣೆಗೆ ಹೋಗಬೇಕಲ್ಲ ಎಂದು ಮುಜುಗರವೆನಿಸಿತು. ಆದರೆ ನಾಳೆಯ ಸಮಿತಿ ಹಬ್ಬ ನೋಡುವುದಿಲ್ಲ. ಹಾರನ್ ಒತ್ತಿಕೊಂಡೇ ಸಂತೆಬೀದಿ ದಾಟಿದಳು.

*

ಹಾಗಲವಾಡಿಯಲ್ಲಿ ದೊಡ್ಡಗಂಗಮ್ಮನ ಮನೆಯ ಬಾಗಿಲು ಹಾಕಿತ್ತು. ಜಗುಲಿಯ ಮೇಲೆ ಇಂಪನಾ ಒಬ್ಬಳೇ ಕಾಲು ಇಳಿಬಿಟ್ಟು ಕೂತಿದ್ದಳು. ದಾಕ್ಷಾಯಣಿಯನ್ನು ಕಂಡು ಎದ್ದು ನಿಂತಳು.

"ಒಳಗೆ ಹೋಗಂಗಿಲ್ಲ ಮೇಡಂ. ಎಡೆ ಇಕ್ಕಿದಾರೆ. ಹಿರೇರು ಬಂದು ಉಂಡು ಹೋಗೋವರೆಗೂ ಬಾಗಿಲು ತೆಗೀಬಾರ್ದಂತೆ. ಅಜ್ಜಿ ಹಿತ್ತಲಲ್ಲಿ ಕೈಕಾಲು ತೊಳೀತಾ ಇದಾರೆ."

"ಇರ್ಲಿ ಬಿಡಮ್ಮ. ನಾನೂ ಇಲ್ಲೇ ಕೂತಿರ್ತೀನಿ."

ಗುರುಪ್ರಕಾಶ್ ಒಪ್ಪಿಕೊಂಡದ್ದನ್ನು ಹೇಳಿದಳು. ಹುಡುಗಿಯ ಮುಖ ಅರಳುತ್ತದೆ ಎಂದುಕೊಂಡಿದ್ದಳು. ಅರಳಲಿಲ್ಲ.

"ಓದ್ದೇ ಇರೋದು ನನ್ನ ತಪ್ಪೇ ತಾನೇ ಮೇಡಂ?" ಎಂದಳು ಇಂಪನಾ. "ನನ್ನ ಹೆಸರಲ್ಲಿ ಹೋಗೋದನ್ನ ನಾನು ಒಂದ್ಸಲ ನೋಡ್ಬೇಕಿತ್ತು. ಅದನ್ನೂ ನಾಳೆ ಹೇಳ್ತೀನಿ. ಆದ್ರೆ ಅಪ್ಪನ ವಿಷಯ ಮಾತ್ರ ಸುಳ್ಳು ಅಂತ ಯಾರ್ ಹೇಳಿದ್ರೂ ನಾನ್ ಬಿಡಲ್ಲ. ಅಪ್ಪ ಸತ್ರು ಅಂತ ಸುಳ್ಳು ಹೇಳಿ ಯಾರಾದ್ರೂ ಸೀಟ್ ಕೇಳ್ತಾರಾ?"

ದಾಕ್ಷಾಯಣಿ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಈ ಹುಡುಗಿಯ ಬಾಯಲ್ಲಿ ಸುಳ್ಳು ಬಂದರೆ ತನ್ನ ಇಪ್ಪತ್ತು ವರ್ಷದ ಪೊಲೀಸ್ ಕೆಲಸ ದಂಡ ಎಂದು ಅವಳಿಗೆ ಅನಿಸಿತು.

"ನಾನು ಪಕ್ಷ ನೋಡ್ತಾ ಇರೋದು ಇದೇ ಮೊದಲು" ಎಂದಳು ಇಂಪನಾ, ಮಾತು ಬೇರೆ ಕಡೆ ತಿರುಗಿಸಲೆಂದು. "ಅಂದ್ರೆ ಅಪ್ಪ ಹೋದ್ಮೇಲೆ. ಐದನೇ ಕ್ಲಾಸ್ ಬೇಸಿಗೆ ರಜದಲ್ಲಿ ಅಪ್ಪ ಹೋದ್ರು. ಜೂನಲ್ಲೇ ಅಜ್ಜಿ ನನ್ನ ಹಾಸ್ಟೆಲ್‌ಗೆ ಸೇರಿಸ್ಬಿಟ್ರು. ಅಲ್ಲಿ ದಸರಾಕ್ಕೇ ರಜ ಕೊಡ್ತಿದ್ದಿದ್ದು, ಅಷ್ಟೊತ್ತಿಗೆ ಪಕ್ಷ ಮುಗ್ದಿರ್ತಿತ್ತು. ಈ ಸಲ ಕಾಲೇಜೋರೇ ಕಳಿಸಿದ್ರಲ್ಲ, ಸಿಕ್ತು. ಅದಕ್ಕೇ ಅಪ್ಪಂಗೆ ಅಂತ ನಾನೇ ಒಂದು ಶರ್ಟ್ ತಂದೆ. ನೀಲಿ ಚೌಕಳಿದು. ಎಡೆ ಮುಂದೆ ಇಡಿ ಅಂತ ಬೆಳಿಗ್ಗೆ ಅಜ್ಜಿ ಕೈಗೆ ಕೊಟ್ಟಿದೀನಿ."

ಅಷ್ಟರಲ್ಲಿ ದೊಡ್ಡಗಂಗಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಸಣಕಲು ಜೀವ, ಆದರೆ ಬೆನ್ನು ಇನ್ನೂ ಬಾಗಿರಲಿಲ್ಲ. ದಾಕ್ಷಾಯಣಿಯನ್ನು ನೋಡಿ, "ಬಂದ್ಯೇನವ್ವ? ಉಂಡ್ಕೊಂಡೇ ಹೋಗ್ಬೇಕು ಇವತ್ತು" ಎಂದಳು. ಬಾಗಿಲ ಮುಂದೆ ನಿಂತು, ಒಳಗಿರುವವರಿಗೆ ಸುಳಿವು ಕೊಡುವಂತೆ ಎರಡು ಸಲ ಕೆಮ್ಮಿ, ಕದ ತಟ್ಟಿ, ಆಮೇಲೆ ನಿಧಾನವಾಗಿ ತಳ್ಳಿದಳು.

ಊದುಬತ್ತಿಯ ಹೊಗೆ ಮುಖಕ್ಕೆ ಬಂತು. ನಡುಮನೆಯ ಗೋಡೆಗೆ ಎರಡು ಫೋಟೋ ಒರಗಿಸಿ ಹೂ ಹಾಕಿತ್ತು. ಒಂದು 'ಪುಟ್ಟರಂಗಯ್ಯ' ಎಂದು ಹೆಸರು ಬರೆದಿದ್ದ, ದೊಡ್ಡಗಂಗಮ್ಮನ ಗಂಡನದು. ಮುಂದೆ ಹೊಸ ಪಂಚೆ, ಬೀಡಿ ಕಟ್ಟು. ಇನ್ನೊಂದು ಇಂಪನಾಳ ತಾಯಿಯದು. ಮಗು ಹುಟ್ಟಿದ ಮೂರೇ ವರ್ಷಕ್ಕೆ ಜ್ವರದಲ್ಲಿ ಹೋದ ಸೊಸೆ. ಅವಳ ಮುಂದೆ ಹಸಿರು ಸೀರೆ, ಬಳೆ, ಕುಂಕುಮದ ಡಬ್ಬಿ. ಇಬ್ಬರ ಎಲೆಯಲ್ಲೂ ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ. ಯಾವುದಕ್ಕೂ ಕಮ್ಮಿ ಇರಲಿಲ್ಲ.

ಇಂಪನಾ ಆ ಕಡೆ, ಈ ಕಡೆ ನೋಡಿದಳು.

"ಅಜ್ಜಿ, ಅಪ್ಪನ ಎಡೆ ಎಲ್ಲಿ?"

"ಎಲೆ ಸಾಲ್ದೆ ಬಂತು ಕಣೇ."

ದಾಕ್ಷಾಯಣಿಯ ಕಣ್ಣು ಅಷ್ಟರಲ್ಲೇ ಒಳಗೆಲ್ಲ ಓಡಾಡಿ ಬಂದಿತ್ತು. ಅಡುಗೆಮನೆಯ ಬಾಗಿಲ ಪಕ್ಕ ಬಾಳೆಲೆಯ ಸುರುಳಿ ಒರಗಿಕೊಂಡಿತ್ತು. ಊರಿಗೆಲ್ಲ ಬಡಿಸಬಹುದಾದಷ್ಟು ಎಲೆ. ಅಟ್ಟದ ಏಣಿಯ ಮೆಟ್ಟಿಲ ಮೇಲೆ ನೀಲಿ ಚೌಕಳಿ ಶರ್ಟು, ಅಂಗಡಿಯ ಕವರಿನಿಂದಲೂ ತೆಗೆಯದೆ ಹಾಗೇ ಬಿದ್ದಿತ್ತು.

ಸೊಸೆಗೆ ಬಳೆ ಇಡುವುದನ್ನೂ ಮರೆಯದವಳು ಹೊಟ್ಟೆಯಲ್ಲಿ ಹುಟ್ಟಿದ ಮಗನನ್ನು ಮರೆತಳೇ? ಇಷ್ಟು ದಿನ ಆಸ್ಪತ್ರೆ, ಆರ್‌ಟಿಒ, ಲಾರಿ ಆಫೀಸು ಎಂದು ಅಲೆದಿದ್ದೆಲ್ಲ ವ್ಯರ್ಥ. ಉತ್ತರ ಈ ನಡುಮನೆಯಲ್ಲಿತ್ತು.

"ಅಜ್ಜಿ" ಎಂದಳು ಮೆಲ್ಲಗೆ. "ಎಲೆ ಅಲ್ಲೇ ಇದೆ. ಶರ್ಟೂ ಇದೆ. ಮಗನಿಗೆ ಯಾಕೆ ಎಡೆ ಇಕ್ಕಿಲ್ಲ?"

ದೊಡ್ಡಗಂಗಮ್ಮ ಬಗ್ಗಿ, ಸರಿಯಾಗಿಯೇ ಇದ್ದ ಹೂವನ್ನು ಮತ್ತೆ ಸರಿ ಮಾಡಿದಳು.

"ನಾಳೆ ನಿಮ್ಮ ಮೊಮ್ಮಗಳನ್ನ ಕಟಕಟೇಲಿ ನಿಲ್ಲಿಸಿದಂಗೆ ನಿಲ್ಲಿಸ್ತಾರೆ. ನಿಮ್ಮಪ್ಪ ಸತ್ತಿರೋದು ನಿಜಾನಾ ಅಂತ ಕೇಳ್ತಾರೆ. ಅವಳು ಏನಂತ ಹೇಳ್ಬೇಕು? ನೀವೇ ಹೇಳ್ಕೊಡಿ."

"ಅಜ್ಜಿ, ಮಾತಾಡು" ಎಂದಳು ಇಂಪನಾ.

ಮುದುಕಿ ತಲೆ ಎತ್ತಿದಳು. ಕಣ್ಣು ತುಂಬಿ ಬಂದಿದ್ದರೂ ಧ್ವನಿ ಗಟ್ಟಿಯಾಗಿತ್ತು.

"ಬದುಕಿರೋರ್ಗೆ ಎಡೆ ಇಕ್ಕಬಾರ್ದು ಕಣವ್ವ. ಆಯಸ್ಸು ಕಮ್ಮಿ ಆಯ್ತದೆ."

ಬೀದಿಯಲ್ಲಿ ಯಾರೋ ಯಾರನ್ನೋ ಊಟಕ್ಕೆ ಕರೆಯುತ್ತಿದ್ದರು. ಇಂಪನಾ ಗೋಡೆ ಹಿಡಿದುಕೊಂಡು ನಿಂತಿದ್ದಳು.

"ಊರಿಗೆ ಸುಳ್ಳು ಹೇಳ್ದೆ. ನೆಂಟ್ರಿಗೆ ಹೇಳ್ದೆ. ಈ ಕೂಸಿಗೂ ಹೇಳ್ದೆ" ಎಂದಳು ದೊಡ್ಡಗಂಗಮ್ಮ. "ವರ್ಷಾ ವರ್ಷಾ ಪಕ್ಷ ಬಂದಾಗ ಬಾಗ್ಲು ಹಾಕ್ಕೊಂಡು ಎರಡೇ ಎಡೆ ಇಕ್ಕಿವ್ನಿ, ಯಾರ್ಗೂ ಕಾಣ್ದಂಗೆ. ಒಳಕ್ಕೆ ಬಂದು ಉಂಡು ಹೋಗೋ ಹಿರೇರ ಮುಂದೆ ಹೆಂಗವ್ವ ಸುಳ್ಳು ಹೇಳ್ಲಿ? ನಿನ್ ಮಗ ನಿನ್ ತಾವ್ಕೆ ಬಂದವ್ನೆ ಅಂತ ನನ್ ಗಂಡಂಗೆ ಹೆಂಗೇಳ್ಲಿ?"

"ಅಪ್ಪ ಬದುಕಿದಾರಾ?" ಇಂಪನಾ ಗೋಡೆ ಬಿಡದೆ ಕೇಳಿದಳು.

"ಅವ್ನೆ."

ಹುಡುಗಿ ಅಳುತ್ತಾಳೆ, ಕೂಗಾಡುತ್ತಾಳೆ ಎಂದು ದಾಕ್ಷಾಯಣಿ ಮುಂದಕ್ಕೆ ಹೆಜ್ಜೆ ಇಟ್ಟಳು. ಇಂಪನಾ ಎರಡನ್ನೂ ಮಾಡಲಿಲ್ಲ. ಏಣಿಯ ಹತ್ತಿರ ಹೋಗಿ ಶರ್ಟಿನ ಕವರು ಎತ್ತಿಕೊಂಡು ಎದೆಗೆ ಒತ್ತಿಕೊಂಡಳು.

"ಹಂಗಾದ್ರೆ ಫೋನ್ ಮಾಡ್ದೋರು ನಿಜಾನೇ ಹೇಳಿದಾರೆ. ನಾನು ಬರ್ದಿದ್ದೇ ಸುಳ್ಳು."

"ನೀನು ಬೇಕಂತ ಬರೆದಿಲ್ಲಮ್ಮ. ನಿಂಗೆ ಗೊತ್ತಿರಲಿಲ್ಲ."

"ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತಲ್ಲ ಮೇಡಂ?" ಅವಳು ಕಣ್ಣೊರೆಸಿಕೊಂಡಳು. "ನಾಳೆ ಅಲ್ಲಿ ಹೋಗಿ ನಮ್ಮಪ್ಪ ಬದುಕಿದಾರೆ ಅಂತ ನಾನೇ ಹೇಳ್ತೀನಿ. ಸೀಟ್ ಹೋದ್ರೆ ಹೋಗ್ಲಿ. ಇಷ್ಟು ವರ್ಷ ಲಾರಿ ಸದ್ದು ಕೇಳಿದಾಗೆಲ್ಲ ಎದ್ದು ಹೋಗಿದೀನಿ. ಹುಚ್ಚಿ ಅಂತ ಹಾಸ್ಟೆಲಲ್ಲಿ ನಗೋರು. ಈಗ ಸೀಟಿಗೋಸ್ಕರ ಅವ್ರನ್ನ ಸಾಯಿಸ್ಲಾ?"

ಈ ಹುಡುಗಿಯ ಸೀಟು ಹೋಗಗೊಡಬಾರದು, ಏನೇ ಆಗಲಿ ಹೋಗಗೊಡಬಾರದು ಎಂದು ದಾಕ್ಷಾಯಣಿ ಅಲ್ಲೇ ಗಟ್ಟಿ ಮನಸ್ಸು ಮಾಡಿದಳು. ಅನಂತರಾಜುವನ್ನು ನಾಳೆಯೊಳಗೆ ಹುಡುಕಿ ಸಮಿತಿಯ ಮುಂದೆ ನಿಲ್ಲಿಸಬೇಕು. ಮಗಳಿಗೆ ಏನೂ ಗೊತ್ತಿರಲಿಲ್ಲ ಎಂದು ಅವನ ಬಾಯಲ್ಲೇ ಹೇಳಿಸಬೇಕು. ಬೇರೆ ದಾರಿ ಇಲ್ಲ.

"ಅಜ್ಜಿ, ನಿಮ್ಮ ಮಗ ಎಲ್ಲಿದಾನೆ? ಸತ್ತ ಅಂತ ಯಾಕೆ ಹೇಳಿದ್ರಿ?"

ದೊಡ್ಡಗಂಗಮ್ಮ ತುಟಿ ಬಿಗಿದು ತಲೆಯಾಡಿಸಿದಳು. "ಅದೊಂದ್ ಕೇಳ್ಬ್ಯಾಡ. ಮಾತು ಕೊಟ್ಟಿವ್ನಿ."

ಆಗ ದಾಕ್ಷಾಯಣಿಯ ಮೊಬೈಲು ಹೊಡೆದುಕೊಂಡಿತು. ಅದರಲ್ಲಿ ಕಿವಿಗಿಟ್ಟು ಕೇಳುವ ಸ್ಪೀಕರ್ ಕೆಟ್ಟು ತಿಂಗಳಾಗಿತ್ತು. ಯಾರ ಮಾತಾದರೂ ಜೋರಾಗಿ ಹೊರಗೇ ಕೇಳಬೇಕು. ಕೊತ್ತಗೆರೆಯ ಅಡವಿಯಪ್ಪ.

"ಮೇಡಂ, ಆವತ್ತು ಫೋನ್ ಇಸ್ಕೊಂಡಿದ್ನಲ್ಲ, ಆ ಗಿರಾಕಿ ಬಂದವ್ನೆ!" ಅಡವಿಯಪ್ಪ ಪಿಸುಗುಟ್ಟಿದ್ದು ನಡುಮನೆಗೆಲ್ಲ ಕೇಳಿಸಿತು. "ಊಟಕ್ಕೆ ಕೂತವ್ನೆ. ಮಾತಿಗೆಳೆದು ಹೆಸರು ಕೇಳ್ದೆ. ಅನಂತರಾಜು ಅಂದ. ಹಾಗಲವಾಡಿ ಪುಟ್ಟರಂಗಯ್ಯನ ಮಗ ಅಂತೆ."

ಅಪ್ಪನೇ! ಮಗಳ ಮೇಲೆ ಚಾಡಿ ಹೇಳಿ ಗೋಡೆಗೊರಗಿ ಅತ್ತವನು ಅಪ್ಪನೇ! ದಾಕ್ಷಾಯಣಿಗೆ ಎಲ್ಲ ಒಂದೇ ಏಟಿಗೆ ಕೂಡಿ ಬಂದಂತಾಯಿತು.

"ಫೋನ್ ಕೊಡಿ ಮೇಡಂ" ಎಂದು ಇಂಪನಾ ಕೈ ಚಾಚಿದಳು. "ಅವ್ರ ಹತ್ರ ನಾನೇ ಮಾತಾಡ್ತೀನಿ."

ದೊಡ್ಡಗಂಗಮ್ಮ ಎಲ್ಲಿತ್ತೋ ಆ ಶಕ್ತಿ, ನುಗ್ಗಿ ಬಂದು ಮೊಮ್ಮಗಳ ಕೈ ಹಿಡಿದು ಹಿಂದಕ್ಕೆಳೆದಳು. ಫೋನಿಗೆ ಬಾಯಿ ಹತ್ತಿರ ತಂದು ಕೇಳಿದಳು.

"ಏನಪ್ಪ, ಅವ್ನು ಉಣ್ತಾ ಕೂತವ್ನಾ?"

"ಹೂಂ ಕಣಜ್ಜಿ. ಮುದ್ದೆ ಮುರೀತಾವ್ನೆ."

"ಯಾವ್ ಕೈಲಿ ಮುರೀತಾವ್ನೆ?"

ಅಡವಿಯಪ್ಪ ಕಕ್ಕಾಬಿಕ್ಕಿಯಾದ. "ಇದೇನಜ್ಜಿ ಹಿಂಗ್ ಕೇಳ್ತೀಯ? ಎಲ್ರಂಗೆ ಬಲಗೈಲಿ. ಇನ್ಯಾವ್ ಕೈಲಿ?"

ದೊಡ್ಡಗಂಗಮ್ಮ ಮೊಮ್ಮಗಳನ್ನು ತನ್ನ ಬೆನ್ನ ಹಿಂದಕ್ಕೆ ಸರಿಸಿಕೊಂಡು ದಾಕ್ಷಾಯಣಿಯ ಮುಖ ನೋಡಿದಳು. ಮೊದಲ ಬಾರಿಗೆ ಆ ಕಣ್ಣುಗಳಲ್ಲಿ ಹೆದರಿಕೆ ಇತ್ತು.

"ಅವ್ನು ಯಾವನೋ ಕಾಣೆ, ನನ್ ಮಗ ಅಲ್ಲ. ಆ ಆಕ್ಸಿಡೆಂಟಲ್ಲಿ ನನ್ ಮಗಂದು ಬಲಗೈ ಹೋಯ್ತು ಕಣವ್ವ. ಹೋದ್ ಸೋಮಾರ ನಾನೇ ತುತ್ತು ಮಾಡಿ ಬಾಯಿಗಿಕ್ಕಿ ಬಂದಿವ್ನಿ."